ವೈಮಾನಿಕನ ಆಯ್ಕೆಯೂ ಪರೀಕ್ಷೆಯ ನುಡಿಯೂ

ನಮ್ಮಲ್ಲಿ ಓದಿದ ತರುಣನೊಬ್ಬನು ವೈಮಾನಿಕನಾಗುವ ಹಂಬಲದಿಂದ ಬತ್ತೇರಿಯಲ್ಲಿ ಬಸ್ಸು ಹತ್ತಿ ಮೈಸೂರಿನ ವಾಯುಪಡೆ ಆಯ್ಕೆ ಮಂಡಲಿಗೆ ಹೋಗಿದ್ದನು. ಅಲ್ಲಿನ ಅಭಿಕ್ಷಮತಾ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಮರಳಿದನು. ಈ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ. “ನಾನು ಯಾವುದಕ್ಕೂ ಬಾರದವನು, ಗುರುಗಳೇ” ಎಂದು ಅವನು ಕಣ್ಣೀರಿಟ್ಟನು. ಪರೀಕ್ಷೆಯು ಅವನಿಗೆ ಹೇಳಿದ್ದು ನಿಜವಾಗಿ ಇದನ್ನೇ ಏನು? ವಿದ್ಯಾರ್ಥಿಗಳೂ ಪೋಷಕರೂ ವಿಚಾರಿಸಬೇಕಾದ ಮಾತಿದು.

ಹಿಂದೆ ಯಂತ್ರೋಪಕರಣಗಳಿಂದ ನಡೆಯುತ್ತಿದ್ದ ಈ ಪರೀಕ್ಷೆಯು ಈಗ ಗಣಕಯಂತ್ರದಿಂದ ನಡೆಯುತ್ತದೆ. ಮಾಪಕಗಳನ್ನು ನೋಡಿ ವಿಮಾನದ ಸ್ಥಿತಿಯನ್ನರಿಯುವುದು, ಕಣ್ಣು, ಕೈ, ಕಾಲುಗಳನ್ನು ಏಕಕಾಲದಲ್ಲಿ ಹೊಂದಿಸಿ ನಡೆಸುವುದು, ಇಂಥ ಶಕ್ತಿಗಳನ್ನು ಅದು ಅಳೆಯುತ್ತದೆ. ಶಾಲೆಯ ಅಂಕಗಳ ಪರೀಕ್ಷೆ ಇದಲ್ಲ.

ಸೈನ್ಯದಲ್ಲಿ ಇಂಥ ಪರೀಕ್ಷೆಗಳು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕೆಯಲ್ಲಿ, 1917-18ರಲ್ಲಿ. ಸುಮಾರು 17 ಲಕ್ಷ ಮಂದಿ ಪರೀಕ್ಷಿತರಾದರು; ಓದಲು ಬಾರದವರಿಗೆ ಚಿತ್ರಗಳ ಪರೀಕ್ಷೆ ಬೇರೆ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಅದೇ ದೇಶದ ವಾಯುಪಡೆಯು ಅಭ್ಯರ್ಥಿಗಳನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿ, ಅವರ ಆರಂಭದ ಹಾರಾಟ ಶಿಕ್ಷಣದ ಫಲವನ್ನು ಲೆಕ್ಕ ಹಾಕಿತು. ಅತ್ಯುಚ್ಚ ದರ್ಜೆಯ ನೂರು ಮಂದಿಯಲ್ಲಿ ಶಿಕ್ಷಣದಿಂದ ಹೊರಬಿದ್ದವರು 4. ನಡುವಣ ದರ್ಜೆಯಲ್ಲಿ 30. ಅತಿ ಕೆಳಗಿನ ದರ್ಜೆಯಲ್ಲಿ 77.

ಆದುದರಿಂದ ಪರೀಕ್ಷೆಯು ಹುಸಿಯಲ್ಲ. ಹಾರಾಟದ ಶಿಕ್ಷಣಕ್ಕೆ ಅಪಾರ ಹಣ ಬೇಕು. ಒಂದು ತಪ್ಪಿಗೆ ಪ್ರಾಣವೇ ಬೆಲೆ. ಮೊದಲೇ ಸೋಸುವುದು ನ್ಯಾಯವೇ. ಆದರೆ ಲೆಕ್ಕದ ಇನ್ನೊಂದು ಮುಖವನ್ನೂ ನೋಡಿರಿ: ಅತಿ ಕೆಳಗಿನವರಲ್ಲಿಯೂ 23 ಮಂದಿ ಉಳಿದುಕೊಂಡರು, ಅತ್ಯುಚ್ಚರಲ್ಲಿಯೂ 4 ಮಂದಿ ಸೋತರು. ಪರೀಕ್ಷೆಯು ನೂರು ಜನರ ವಿಷಯದಲ್ಲಿ ನಂಬತಕ್ಕ ಮಾತನ್ನಾಡುತ್ತದೆ. ಒಬ್ಬನ ವಿಷಯದಲ್ಲಿ ಸಂಭವವನ್ನಷ್ಟೇ ಸೂಚಿಸುತ್ತದೆ. ಮೇಲಾಗಿ ಆ ಲೆಕ್ಕವು ಶಿಕ್ಷಣದ ಮೊದಲ ಮೆಟ್ಟಿಲಿನದು. ಮುಂದಿನ ಧೈರ್ಯ, ಶಿಸ್ತು, ಕರ್ತವ್ಯನಿಷ್ಠೆಗಳದಲ್ಲ.

ನಮ್ಮ ರೈತನು ಬಿತ್ತನೆಯ ಬತ್ತವನ್ನು ಉಪ್ಪುನೀರಿಗೆ ಹಾಕಿ, ತೇಲಿದ ಜೊಳ್ಳನ್ನು ತೆಗೆಯುತ್ತಾನೆ. ಮುಳುಗಿದ ಕಾಳೆಲ್ಲವೂ ತೆನೆಯಾಗುವುದೆಂದು ಅವನು ನಂಬುವುದಿಲ್ಲ. ಮಳೆ, ಗೊಬ್ಬರ, ಆರೈಕೆಗಳೂ ಬೇಕೆಂದು ಬಲ್ಲನು. ಆಯ್ಕೆಯ ಪರೀಕ್ಷೆಯೂ ಇಷ್ಟೇ.

ಆ ತರುಣನಿಗೆ ನಾನು ಹೇಳಿದೆನು: “ಈ ಪರೀಕ್ಷೆಯು ನಿನ್ನನ್ನು ವಿಮಾನದ ಚಾಲಕನ ಪೀಠಕ್ಕೆ ಒಪ್ಪಲಿಲ್ಲ, ಅದಕ್ಕಿಂತ ಹೆಚ್ಚೇನನ್ನೂ ನುಡಿಯಲಿಲ್ಲ. ಅದೇ ವಾಯುಪಡೆಯ ತಾಂತ್ರಿಕ ಶಾಖೆಗೆ ಈ ಪರೀಕ್ಷೆಯೇ ಇಲ್ಲ.” ಪೋಷಕರೇ, ಮಗನು ಸೋತು ಮನೆಗೆ ಬಂದ ದಿನ ಈ ಭೇದವನ್ನು ಅವನಿಗೆ ತಿಳಿಸುವ ಹೊಣೆ ನಿಮ್ಮದು.