ಪಾಠ 9: ತಾಯಿಯ ಮೈ ಕಾದರೆ ಕೂಸಿಗೂ ಕಾವು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ನಮ್ಮದು ಒಣ ಸೀಮೆ. ಶಿವರಾತ್ರಿ ಕಳೆದರೆ ಬಿಸಿಲು ಏರುತ್ತದೆ. ಆದರೂ ಕೆಲಸ ನಿಲ್ಲುವುದಿಲ್ಲ. ಬಸುರಿ ಹೆಣ್ಣುಮಕ್ಕಳೂ ಹೊಲಕ್ಕೆ ಹೋಗುತ್ತಾರೆ. ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡುತ್ತಾರೆ. ಮಳೆಗಾಲದಲ್ಲಿ ಸೊಳ್ಳೆ ಹೆಚ್ಚು. ಆಗ ಡೆಂಗ್ಯೂ, ಮಲೇರಿಯಾ ಜ್ವರ ಬರುತ್ತವೆ.

ಬಿಸಿಲಿನ ಕಾವು ಹೊರಗಿನದು. ಜ್ವರದ ಕಾವು ಒಳಗಿನದು. ಎರಡೂ ತಾಯಿಯ ಮೈ ಕಾಯಿಸುತ್ತವೆ. ಆಗ ಹೊಟ್ಟೆಯೊಳಗಿನ ಕೂಸೂ ಕಾಯುತ್ತದೆ. ನಾವು ಬೆವರುತ್ತೇವೆ, ನೆರಳಿಗೆ ಹೋಗುತ್ತೇವೆ. ಕೂಸು ಎಲ್ಲಿಗೆ ಹೋಗಬೇಕು? ಅದು ತನ್ನ ಕಾವನ್ನು ತಾಯಿಯ ರಕ್ತಕ್ಕೇ ಬಿಡಬೇಕು. ತಾಯಿಯ ಮೈ ತಣ್ಣಗಾದರೆ ಮಾತ್ರ ಕೂಸೂ ತಣ್ಣಗಾಗುತ್ತದೆ.

ಮೊದಲ ತಿಂಗಳುಗಳು

ಕೂಸಿನ ಮಿದುಳು, ಬೆನ್ನುಹುರಿ ಮೊದಲು ಚಪ್ಪಟೆ ಹಾಳೆಯಂತೆ ಇರುತ್ತವೆ. ಕಡಬಿನ ಅಂಚು ಮಡಿಚಿ ಕೂಡಿಸುತ್ತೇವಲ್ಲ, ಹಾಗೆ ಅದರ ಅಂಚುಗಳು ಕೂಡಿ ಕೊಳವೆ ಆಗುತ್ತದೆ. ಬಸಿರು ನಿಂತ 28 ದಿನದೊಳಗೆ ಈ ಕೆಲಸ ಮುಗಿಯುತ್ತದೆ. ಮುಟ್ಟು ತಪ್ಪಿ ಎರಡು ವಾರವೂ ಆಗಿರುವುದಿಲ್ಲ. ಎಷ್ಟೋ ಮಂದಿಗೆ ಬಸಿರಾದದ್ದೇ ಗೊತ್ತಿರುವುದಿಲ್ಲ.

ಆಗ ಜೋರು ಜ್ವರ ಬಂದು ಇಳಿಯದೇ ಉಳಿದರೆ ಅಂಚು ಸರಿಯಾಗಿ ಕೂಡದೇ ಹೋಗುವ ಅಪಾಯ ಹೆಚ್ಚು. ಕೂಸು ಬೆನ್ನುಹುರಿಯ ದೋಷದೊಂದಿಗೆ ಹುಟ್ಟಬಹುದು. ಆದರೆ ಹೆದರಬೇಡಿ. ಜ್ವರ ಬಂದ ಬಹಳಷ್ಟು ತಾಯಂದಿರ ಕೂಸುಗಳು ಚೆನ್ನಾಗಿಯೇ ಹುಟ್ಟುತ್ತವೆ. ಫೋಲಿಕ್ ಆಸಿಡ್ ಗುಳಿಗೆ ಈ ದೋಷವನ್ನು ಕಡಿಮೆ ಮಾಡುತ್ತದೆ. ಬಸಿರಿಗೆ ಮೊದಲೇ ಅದನ್ನು ಶುರು ಮಾಡುವುದು ಒಳ್ಳೆಯದು.

ಮುಂದಿನ ತಿಂಗಳುಗಳು

ಮಲೇರಿಯಾದಿಂದ ತಾಯಿಗೆ ರಕ್ತ ಕಡಿಮೆ ಆಗುತ್ತದೆ, ಕೂಸು ತೂಕ ಕಡಿಮೆ ಇದ್ದು ಹುಟ್ಟುತ್ತದೆ. ಮೂತ್ರದ ಸೋಂಕಿನ ಜ್ವರದಿಂದ ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಅತಿಯಾದ ಬಿಸಿಲಿನಿಂದಲೂ ಹಾಗಾಗಬಹುದು.

ಅತ್ತೆ ಮತ್ತು ಆಶಾ ಅಕ್ಕ

ಅತ್ತೆ: ಸೊಸಿ ಮೈ ಎರಡು ದಿನದಿಂದ ಕೆಂಡ ಆಗೇತಿ. ಬಸುರಿ ಗುಳಿಗಿ ನುಂಗಬಾರದಂತ ಸುಮ್ಮನ ಅದೀವಿ.

ಆಶಾ: ಹಂಗ ಕಾಯಬ್ಯಾಡ್ರಿ ಅವ್ವಾರ. ಇಳಿಯದ ಜ್ವರಾನ ಕೂಸಿಗೆ ತ್ರಾಸ ಕೊಡತೈತಿ. ಪ್ಯಾರಾಸಿಟಮಾಲ್ ಗುಳಿಗಿ ಡಾಕ್ಟರು ಬಸುರಿಯರಿಗೂ ಕೊಡ್ತಾರ.

ಅತ್ತೆ: ಅಂಗಡ್ಯಾಗಿನ ನೋವಿನ ಗುಳಿಗಿ ತರಲೇನು?

ಆಶಾ: ಬ್ಯಾಡ್ರಿ. ಕೆಲವು ನೋವಿನ ಗುಳಿಗಿ ಐದು ತಿಂಗಳಾದ ಮ್ಯಾಲ ಕೂಸಿನ ಮೂತ್ರಪಿಂಡಕ್ಕ ಪೆಟ್ಟು ಕೊಡ್ತಾವ. ಡಾಕ್ಟರನ್ನ ಕೇಳದ ಏನೂ ಕೊಡಬ್ಯಾಡ್ರಿ.

ಅತ್ತೆ: ಕಬ್ಬಿಣದ ಗುಳಿಗಿ ಉಷ್ಣ ಅಂತಾರ. ಅದನ್ನೂ ಬಿಡಿಸೇನಿ.

ಆಶಾ: ಅದರಿಂದ ಜ್ವರ ಬರೂದಿಲ್ರಿ. ಜ್ವರ ಎಷ್ಟು ಅಂತ ಥರ್ಮಾಮೀಟರ್ ಹೇಳತೈತಿ. ನೋಡ್ರಿ, 102 ಐತಿ. ನಡೀರಿ, ಈಗ ದವಾಖಾನಿಗೆ ಹೋಗೂಣು.

ಏನು ಮಾಡಬೇಕು?

1. ಥರ್ಮಾಮೀಟರಿನಲ್ಲಿ 100.4 ಅಥವಾ ಹೆಚ್ಚು ಇದ್ದರೆ ಜ್ವರ. ಅದೇ ದಿನ ದವಾಖಾನೆಗೆ ಹೋಗಿ. ತಾಯಿ ಕಾರ್ಡ್ ಒಯ್ಯಿರಿ.
2. ದಪ್ಪ ಕೌದಿ ಹೊದಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ.
3. ನೀರು, ಮಜ್ಜಿಗೆ, ಗಂಜಿ ಮೇಲಿಂದ ಮೇಲೆ ಕುಡಿಸಿ.
4. ಮಧ್ಯಾಹ್ನದ ಬಿಸಿಲಿನಲ್ಲಿ ಬಸುರಿಯಿಂದ ಕೆಲಸ ಮಾಡಿಸಬೇಡಿ. ಆ ಕೆಲಸ ಮನೆಯವರು ಹಂಚಿಕೊಳ್ಳಿ.
5. ಸೊಳ್ಳೆ ಪರದೆಯೊಳಗೆ ಮಲಗಿಸಿ.
6. ರಕ್ತ ಹೋದರೆ, ಉಸಿರು ಕಟ್ಟಿದರೆ, ಫಿಟ್ಸ್ ಬಂದರೆ, ಕೂಸಿನ ಹೊರಳಾಟ ಕಡಿಮೆ ಆದರೆ 108ಕ್ಕೆ ಫೋನ್ ಮಾಡಿ. ಗಾಡಿಗೆ ರೊಕ್ಕ ಕೊಡಬೇಕಿಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಸರಕಾರಿ ದವಾಖಾನೆಗಳಿವೆ. ಗದಗದಲ್ಲಿ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, ಜಿಮ್ಸ್, ಶುರುವಾಯಿತು. ನಾಲ್ಕನೇ ತಿಂಗಳಿನಿಂದ ಬಸುರಿಯರಿಗೆ ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ ತಪಾಸಣೆ ಇದೆ. ಜ್ವರ ಬಂದರೆ ಮಾತ್ರ 9ನೇ ತಾರೀಖಿನ ದಾರಿ ಕಾಯಬೇಡಿ.

ಓದಿ, ಉತ್ತರ ಹೇಳಿ

1. ಕೂಸಿನ ಬೆನ್ನುಹುರಿಯ ಕೊಳವೆ ಎಷ್ಟು ದಿನದೊಳಗೆ ಕೂಡುತ್ತದೆ?
2. ಅಂಗಡಿಯ ನೋವಿನ ಗುಳಿಗೆ ಯಾಕೆ ಬೇಡ?
3. ನಿಮ್ಮ ಮನೆಯಲ್ಲಿ ಬಸುರಿ ಇದ್ದಾರೆಯೇ? ಅವರ ಕೆಲಸದಲ್ಲಿ ಯಾವುದನ್ನು ನೀವು ಮಾಡಬಹುದು?

ಬರೆಯಿರಿ

ಬಸುರಿಗೆ ಜ್ವರ ಬಂದರೆ ಅದೇ ದಿನ ದವಾಖಾನೆ.

ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ: 108.