ಮೂತ್ರದ ಅವಸರ: ಮುಚ್ಚಿಡಬೇಡಿ, ಚಿಕಿತ್ಸೆಯಿದೆ

ಲಕಮನಹಳ್ಳಿಯಲ್ಲಿ ಚಿಗರಿ ಬಸ್ ಹತ್ತುವ ಮುನ್ನ ನೀವು ಎರಡೆರಡು ಸಲ ಶೌಚಾಲಯಕ್ಕೆ ಹೋಗಿಬರುತ್ತೀರಾ? ವುಝೂ ಮಾಡಿ ಸಫ್‌ನಲ್ಲಿ ನಿಂತೊಡನೆ ಮತ್ತೆ ಅವಸರವಾಗುತ್ತದೆಯೇ? ಬಟ್ಟೆಗೆ ಹನಿ ತಾಗಿರಬಹುದೆಂಬ ಅಳುಕಿನಿಂದ ಮಸೀದಿಗೆ, ಮದುವೆಗೆ ಹೋಗುವುದನ್ನೇ ಬಿಟ್ಟಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ.

ಮೂತ್ರಕೋಶ ತುಂಬುವ ಮೊದಲೇ ಅದರ ಸ್ನಾಯು ತಾನಾಗಿ ಹಿಂಡಿಕೊಂಡರೆ ತಡೆಯಲಾಗದ ಅವಸರ ಉಂಟಾಗುತ್ತದೆ. ಹಗಲು ಎಂಟಕ್ಕಿಂತ ಹೆಚ್ಚು ಸಲ ಹೋಗುವುದು, ರಾತ್ರಿ ಮತ್ತೆ ಮತ್ತೆ ಏಳುವುದು, ಕೆಲವೊಮ್ಮೆ ದಾರಿಯಲ್ಲೇ ಹನಿಯುವುದು ಇದರ ಲಕ್ಷಣಗಳು. ಇದನ್ನು ವೈದ್ಯರು ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಎನ್ನುತ್ತಾರೆ. ಇದು ನಾಚಿಕೆಯ ವಿಷಯವಲ್ಲ. ವಯಸ್ಸಾದ ಮೇಲೆ ಸಹಿಸಿಕೊಳ್ಳಲೇಬೇಕಾದ ಕಷ್ಟವೂ ಅಲ್ಲ.

ಮೊದಲು ಪರೀಕ್ಷೆ

ಸಕ್ಕರೆ ಕಾಯಿಲೆ, ಮೂತ್ರದ ಸೋಂಕು ಮತ್ತು ಗಂಡಸರಲ್ಲಿ ಪ್ರಾಸ್ಟೇಟ್ ಊತ ಕೂಡ ಇದೇ ತೊಂದರೆ ಕೊಡುತ್ತವೆ. ಆದ್ದರಿಂದ ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ. ಧಾರವಾಡದ ಜಿಲ್ಲಾ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಹೋಗಿ ಮೂತ್ರ ಮತ್ತು ರಕ್ತದ ಪರೀಕ್ಷೆ ಮಾಡಿಸಿ. ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ ಎಂಬುದನ್ನು ಬರೆದು ಒಯ್ದರೆ ವೈದ್ಯರಿಗೆ ಅನುಕೂಲ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ಹೋಗಿ.

ಔಷಧಕ್ಕಿಂತ ಮುಂಚೆ

ಚಹಾ, ಕಾಫಿ ಕಡಿಮೆ ಮಾಡಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಅವಸರವಾದಾಗ ಐದು ನಿಮಿಷ ತಡೆದು, ವಾರಕ್ಕೊಮ್ಮೆ ಆ ಅವಧಿಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಈ ಅಭ್ಯಾಸವನ್ನು ನಮಾಝಿನ ಹೊತ್ತಿನಲ್ಲಿ ಮಾಡಬೇಡಿ. ಮೂತ್ರದ ಒತ್ತಡ ತಡೆದುಕೊಂಡು ನಮಾಝ್ ನಿರ್ವಹಿಸುವುದು ಮಕ್ರೂಹ್. ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ಅದು ತಪ್ಪು. ಮೂತ್ರ ಗಟ್ಟಿಯಾದರೆ ಉರಿಯೂ ಅವಸರವೂ ಹೆಚ್ಚುತ್ತವೆ.

ಎರಡು ಬಗೆಯ ಮಾತ್ರೆ

ಇಷ್ಟಕ್ಕೂ ಕಡಿಮೆಯಾಗದಿದ್ದರೆ ವೈದ್ಯರು ಮಾತ್ರೆ ಬರೆಯುತ್ತಾರೆ. ಸೋಲಿಫೆನಾಸಿನ್, ಟಾಲ್ಟೆರೊಡಿನ್, ಆಕ್ಸಿಬ್ಯುಟಿನಿನ್ ಒಂದು ಬಗೆ. ಇವು ಸ್ನಾಯುವನ್ನು ಹಿಂಡುವ ನರಸಂದೇಶವನ್ನು ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಇವುಗಳ ಅಡ್ಡ ಪರಿಣಾಮ. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ, ಮೂತ್ರ ಕಟ್ಟಿಕೊಳ್ಳುವವರಿಗೆ ಇವು ಆಗವು. ವಯಸ್ಸಾದವರಲ್ಲಿ ಮರೆವು, ಗೊಂದಲ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ನೆಗಡಿ, ಅಲರ್ಜಿಯ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ.

ಇನ್ನೊಂದು ಮಿರಾಬೆಗ್ರಾನ್. ಇದು ಸ್ನಾಯುವನ್ನು ಸಡಿಲಗೊಳಿಸಿ ಮೂತ್ರಕೋಶದಲ್ಲಿ ಹೆಚ್ಚು ಜಾಗ ಮಾಡುತ್ತದೆ. ಬಾಯಿ ಒಣಗುವುದು ಕಡಿಮೆ. ಆದರೆ ರಕ್ತದೊತ್ತಡ ಏರಬಹುದು, ಬಿ.ಪಿ. ಹತೋಟಿಯಲ್ಲಿಲ್ಲದವರಿಗೆ ಕೊಡುವುದಿಲ್ಲ.

ನಾಲ್ಕು ದಿನ ನುಂಗಿ ಗುಣ ಕಾಣಲಿಲ್ಲವೆಂದು ಬಿಡಬೇಡಿ. ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಎಂಟು ವಾರ ಬೇಕು. ಒಂದು ಮಾತ್ರೆ ಹೊಂದದಿದ್ದರೆ ಇನ್ನೊಂದಿದೆ. ಅದೂ ಸಾಲದಿದ್ದರೆ ಮೂತ್ರಕೋಶಕ್ಕೆ ಕೊಡುವ ಬೊಟಾಕ್ಸ್ ಚುಚ್ಚುಮದ್ದು ಇದೆ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಬೇಡಿ, ಅಗಿಯಬೇಡಿ.

ರಮಝಾನಿನಲ್ಲಿ

ಸೋಲಿಫೆನಾಸಿನ್, ಮಿರಾಬೆಗ್ರಾನ್ ದಿನಕ್ಕೊಂದೇ ಮಾತ್ರೆ. ಆದ್ದರಿಂದ ಉಪವಾಸ ಬಿಡಬೇಕಾದ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಬಾಯಿ ಒಣಗುವವರು ಮಾತ್ರೆಯನ್ನು ಇಫ್ತಾರ್ ನಂತರಕ್ಕೆ ಬದಲಿಸಬಹುದೇ ಎಂದು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ. ಸಹರಿಯಲ್ಲಿ ಚಹಾದ ಬದಲು ನೀರು ಕುಡಿಯಿರಿ.

ಹನಿಯುವುದು ನಿಲ್ಲದವರಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ನಿಮಗದು ಅನ್ವಯಿಸುತ್ತದೆಯೇ ಎಂದು ಮೊಹಲ್ಲಾದ ಆಲಿಮರಲ್ಲಿ ಕೇಳಿ. ಆದರೆ ರಿಯಾಯಿತಿ ಇದೆಯೆಂದು ಚಿಕಿತ್ಸೆ ಮರೆಯಬೇಡಿ. ರೋಗಕ್ಕೆ ಮದ್ದು ಹುಡುಕಬೇಕೆಂಬುದು ಪ್ರವಾದಿ(ಸ)ರ ಬೋಧನೆ. ನಿಮ್ಮ ತಾಯಿ ಮದುವೆಗೆ ಬರಲೊಲ್ಲೆ ಎಂದರೆ, ತಂದೆ ತರಾವೀಹ್ ಬಿಟ್ಟು ಮನೆಯಲ್ಲೇ ಉಳಿದರೆ, ಅದು ಸೋಮಾರಿತನವೆಂದು ತಿಳಿಯದೆ ಮೆಲ್ಲನೆ ಒಮ್ಮೆ ಕೇಳಿ ನೋಡಿ.