ಮೈಸೂರು ಮತ್ತು ಅದರ ಸುತ್ತಮುತ್ತ

2024ರ ಮೇ ತಿಂಗಳ ರಜೆಯಲ್ಲಿ ನನ್ನ ತಂದೆತಾಯಿಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಮೂರು ದಿನ ಸುತ್ತಿಸಿಕೊಂಡು ಬಂದೆನು. ಮದ್ದೂರು ತಾಲ್ಲೂಕಿನ ನಮ್ಮ ಊರಿಗೂ ಮೈಸೂರಿಗೂ ಇರುವ ದೂರ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆದರೂ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಆ ದಂಪತಿಗಳು ಜೊತೆಯಾಗಿ ಒಮ್ಮೆಯೂ ಆ ನಗರವನ್ನು ನೋಡಿರಲಿಲ್ಲ. ಆಸ್ಪತ್ರೆಗೆಂದು ಹೋದುದುಂಟು, ನೋಡಲೆಂದು ಹೋದುದಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು, ನಾಲೆಯ ಕೊನೆಯಲ್ಲಿರುವ ನಮ್ಮ ಗದ್ದೆ ಬೀಳುಬಿದ್ದಿತ್ತು. ಕೆಲಸವಿಲ್ಲದೆ ಅಪ್ಪ ಜಗುಲಿಯ ಮೇಲೆ ಕುಳಿತಿರುವುದನ್ನು ನೋಡಲಾರದೆ, ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ ಹಣವನ್ನು ತೆಗೆದು ಈ ಪ್ರವಾಸಕ್ಕೆ ಹೊರಡಿಸಿದೆನು.

ನಾನು ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಆದುದರಿಂದ ಈ ಪ್ರವಾಸದಲ್ಲಿ ನಾನೇ ಉಪಾಧ್ಯಾಯಿನಿ, ಅವರಿಬ್ಬರೂ ವಿದ್ಯಾರ್ಥಿಗಳು ಎಂದು ಭಾವಿಸಿ, ಟಿಪ್ಪಣಿ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡಿದ್ದೆನು. ಪಾಠ ಯಾರಿಗಾಯಿತೆಂಬುದನ್ನು ವಾಚಕರು ಮುಂದೆ ತಾವೇ ನೋಡಬಹುದು.

ನಾವು ಹೋದುದು ಭಾನುವಾರ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲವಾದ ಕಾರಣ ಅಪ್ಪನಿಗೊಬ್ಬರಿಗೆ ಮಾತ್ರ ದುಡ್ಡು ತೆತ್ತೆವು. ‘ಗಂಡಸಾಗಿ ಹುಟ್ಟಿದ್ದಕ್ಕೆ ದಂಡ’ ಎಂದು ಅವ್ವ ದಾರಿಯುದ್ದಕ್ಕೂ ನಕ್ಕಳು. ಉಳಿದುಕೊಳ್ಳಲು ಅವ್ವನ ದೊಡ್ಡಮ್ಮನ ಮಗಳ ಮನೆ ಇತ್ತು.

ಮಧ್ಯಾಹ್ನ ಅರಮನೆಗೆ ಹೋದೆವು. ಹಳೆಯ ಮರದ ಅರಮನೆಯು 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ತುತ್ತಾಯಿತು. ಈಗಿನದನ್ನು ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದರು. 41 ಲಕ್ಷ ರೂಪಾಯಿಗೂ ಮಿಕ್ಕು ವೆಚ್ಚವಾಯಿತು. ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ಪಟ್ಟಣದಿಂದ ಬಂದವು. ಇವನ್ನೆಲ್ಲ ನಾನು ಒಪ್ಪಿಸುತ್ತ ಹೋದೆ. ಅವ್ವ ತಲೆಯೆತ್ತಿ ಬಣ್ಣದ ಗಾಜಿನ ನವಿಲುಗಳನ್ನೇ ನೋಡುತ್ತಿದ್ದಳು. ಅಪ್ಪ ನೆಲವನ್ನು ನೋಡುತ್ತಿದ್ದರು. ‘ಇಷ್ಟು ದೊಡ್ಡ ಮನೆ ಗುಡಿಸೋರು ಯಾರು?’ ಎಂದರು. ನನ್ನ ಟಿಪ್ಪಣಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹತ್ತಿಕೊಂಡವು. ನೆರೆದ ಜನವೆಲ್ಲ ‘ಹೋ’ ಎಂದಿತು. ಅವ್ವ ತಾನರಿಯದೆ ಅಪ್ಪನ ತೋಳನ್ನು ಹಿಡಿದುಕೊಂಡಳು. ಅವರು ಹಾಗೆ ನಿಂತುದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೇಳಿದರು: ‘ಮೊದಮೊದಲು ಈ ಕರೆಂಟು ಎಲ್ಲಿಂದ ಬರೋದು ಮಗಾ?’

ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಲಾರಂಭಿಸಿದರು. ಆದರೆ ಅದು ಮೊದಲು ಹೋದುದು ಅರಮನೆಗಾಗಲಿ ಊರುಗಳಿಗಾಗಲಿ ಅಲ್ಲ. ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೇಸಿಗೆಯಲ್ಲಿ ಹೊಳೆ ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. ಮೇಲ್ಗಡೆ ನೀರನ್ನು ತಡೆದು ನಿಲ್ಲಿಸಿದಲ್ಲದೆ ಗಣಿಗಳಿಗೆ ವರ್ಷವಿಡೀ ಶಕ್ತಿಯನ್ನು ಒದಗಿಸುವುದು ಸಾಧ್ಯವಿರಲಿಲ್ಲ. ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಲು ಇದೂ ಒಂದು ಮುಖ್ಯ ಕಾರಣವಾಯಿತು. ಇದನ್ನು ಕೇಳಿ ಅಪ್ಪ ಬೆರಗಾದರು. ಕಟ್ಟೆ ಕಟ್ಟಿದುದು ಗದ್ದೆಗಾಗಿಯೇ ಎಂದು ಅವರು ಅಂದಿನವರೆಗೆ ನಂಬಿದ್ದರು.

ಮರುದಿನ ಬೆಳಗ್ಗೆ ಚಾಮುಂಡಿ ಬೆಟ್ಟವನ್ನು ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿದೆವು. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿಯನ್ನು ಕಂಡು ಅಪ್ಪ, ಎತ್ತಿನ ಮಾರಾಟಗಾರರಂತೆ ಸುತ್ತ ಒಂದು ಪ್ರದಕ್ಷಿಣೆ ಬಂದು, ಕೊರಳ ಗೆಜ್ಜೆಯ ಸರವನ್ನು ಮೆಚ್ಚಿದರು. ಅಲ್ಲಿಂದ ಸೋಮನಾಥಪುರಕ್ಕೆ ಪ್ರಯಾಣ.

ಈ ದೇವಾಲಯದ ಬಗ್ಗೆ ಎಷ್ಟು ಬರೆದರೂ ಸಾಲದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಇದನ್ನು ಕಟ್ಟಿಸಿದನು. ಕೇಶವ, ಜನಾರ್ದನ, ವೇಣುಗೋಪಾಲ ಎಂದು ಮೂರು ಗರ್ಭಗುಡಿಗಳು. 2023ರಲ್ಲಿ ಬೇಲೂರು ಹಳೇಬೀಡುಗಳೊಂದಿಗೆ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅವ್ವ ಹೂವು ಹಣ್ಣು ತಂದಿದ್ದಳು. ಇಲ್ಲಿ ಪೂಜೆ ನಡೆಯುವುದಿಲ್ಲವೆಂದು ತಿಳಿದು ಪೆಚ್ಚಾದಳು. ಆದರೂ ವೇಣುಗೋಪಾಲನ ಮುಂದೆ, ಕೊಳಲಿಗೆ ಕಿವಿಗೊಟ್ಟು ನಿಂತ ಹಸುಗಳನ್ನು ನೋಡಿ, ಬಹಳ ಹೊತ್ತು ಕೈಮುಗಿದು ನಿಂತಳು.

ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಸಾಲು. ಅದರ ಮೇಲೆ ದೊಡ್ಡ ವಿಗ್ರಹಗಳು. ಒಂದು ವಿಗ್ರಹದ ಪೀಠದಲ್ಲಿದ್ದ ಅಕ್ಷರಗಳನ್ನು ಅಪ್ಪ ಬೆರಳಿನಿಂದ ತೋರಿಸಿ ‘ಇದು ದೇವರ ಹೆಸರಾ?’ ಎಂದರು. ಇಲ್ಲಿ ಶಿಲ್ಪಿಗಳೇ ತಮ್ಮ ಹೆಸರನ್ನು ಕೊರೆದಿದ್ದಾರೆಂದೂ, ಮಲ್ಲಿತಮ್ಮ ಎಂಬವನ ಹೆಸರು ಹಲವು ವಿಗ್ರಹಗಳ ಕೆಳಗೆ ಇದೆಯೆಂದೂ ತಿಳಿಸಿದೆ. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. ‘ಕಲ್ಲು ಕೆತ್ತೋನು ತನ್ನ ಹೆಸರ ಹಾಕ್ಕಂಡ್ನಾ? ದೊರೆ ಬುಟ್ಟನಾ?’ ನಮ್ಮ ತಂದೆಯವರು ಹೆಬ್ಬೆಟ್ಟು ಒತ್ತುತ್ತಿದ್ದವರು. ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ಸ್ಲೇಟಿನಲ್ಲಿ ಬರೆದು ಬರೆದು ಸಹಿ ಕಲಿತವರು. ಆ ದಿನ ಅವರು ಗೋಡೆಯ ಸುತ್ತ ಬಗ್ಗಿ ಬಗ್ಗಿ ಹುಡುಕಿದುದು ದೇವರನ್ನಲ್ಲ, ಅಂತಹ ಹೆಸರುಗಳನ್ನು.

ಮೂರನೆಯ ದಿನ ಕೃಷ್ಣರಾಜಸಾಗರ. ಅಪ್ಪನ ಮಟ್ಟಿಗೆ ಇದೇ ಯಾತ್ರೆಯ ಕ್ಷೇತ್ರ. ಹುಟ್ಟಿದಂದಿನಿಂದ ಉಣ್ಣುತ್ತಿರುವ ಅನ್ನದ ಮೂಲವನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಅಲ್ಲಿ ಅಣೆಕಟ್ಟು ಕಟ್ಟುವ ಆಲೋಚನೆ ಟಿಪ್ಪುವಿಗೂ ಇತ್ತೆಂದು ಆ ಸ್ಥಳದಲ್ಲಿ ದೊರೆತ ಪಾರಸಿ ಶಾಸನವೊಂದು ತಿಳಿಸುತ್ತದೆ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ 1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪಣೆ ತೀರಿ ಒಪ್ಪಂದವಾದುದು 1924ರಲ್ಲಿ. ಕಟ್ಟೆ ಮುಗಿದುದು 1930ರ ದಶಕದ ಆದಿಯಲ್ಲಿ. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆ. ನೀರಿನ ಗರಿಷ್ಠ ಮಟ್ಟ 124.80 ಅಡಿ. ಈ ಅಂಕಿಯನ್ನು ನಾನು ಹೇಳುವ ಮೊದಲೇ ಅಪ್ಪ ಹೇಳಿದರು! ಮಂಡ್ಯ ಸೀಮೆಯ ರೈತರಿಗೆ ಅದು ಜಾತಕದಂತೆ ಬಾಯಿಪಾಠ.

ಆದರೆ ಕಟ್ಟೆಯ ಮೇಲೆ ಜನರನ್ನು ಬಿಡುವುದಿಲ್ಲ. ಕೆಳಗೆ ಬೃಂದಾವನದ ಹೂಗಳ ನಡುವೆ ನಿಂತು ಅಪ್ಪ ಗೋಡೆಯನ್ನೇ ನೋಡಿದರು. ಕಾರಂಜಿಗಳ ಕಡೆ ತಿರುಗಲಿಲ್ಲ. ‘ನೀರ ನೋಡ್ಬೇಕು’ ಎಂದರು. ಅದಕ್ಕಾಗಿ ಆಟೋ ಮಾಡಿಕೊಂಡು ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಗೆ ಹೋದೆವು. ಅಲ್ಲಿಯೂ ಒಬ್ಬ ವೇಣುಗೋಪಾಲಸ್ವಾಮಿ ಇದ್ದಾನೆ. ಕಟ್ಟೆ ಬಂದಾಗ ಹಳೆಯ ಕನ್ನಂಬಾಡಿಯೊಡನೆ ಮುಳುಗಿಹೋಗಿದ್ದ ಅವನ ಗುಡಿಯ ಕಲ್ಲುಗಳನ್ನು ಇತ್ತೀಚಿನ ವರ್ಷಗಳಲ್ಲಿ ಬಿಚ್ಚಿ, ಗುರುತು ಹಾಕಿ, ಎತ್ತರದ ದಂಡೆಗೆ ತಂದು ಮತ್ತೆ ಜೋಡಿಸಿದ್ದಾರೆ. ಇಲ್ಲಿ ಅವ್ವನ ಹೂವು ಹಣ್ಣಿಗೆ ಸಾರ್ಥಕವಾಯಿತು.

ನೀರು ಬಹಳ ದೂರಕ್ಕೆ ಸರಿದಿತ್ತು. ಬಿರಿದ ನೆಲದ ಮೇಲೆ ಕುರಿಗಳು ಮೇಯುತ್ತಿದ್ದವು. ‘ದೇವರ ತಂದು ಕೂರಿಸಿದ್ರು, ಸರಿ. ಒಲೆ ಹೂಡಿದ್ದೋರು ಎಲ್ಲೋದ್ರು?’ ಎಂದು ಅವ್ವ ಕೇಳಿದಳು. ಕುರಿ ಕಾಯುತ್ತಿದ್ದ ಮುದುಕರೊಬ್ಬರು ನಮ್ಮ ಬಳಿ ಬಂದು ಕುಳಿತರು. ಅವರ ಅಜ್ಜನ ಹೊಲ ಆ ನೀರಿನ ಕೆಳಗೇ ಇತ್ತಂತೆ. ‘ಬರ ಬಂದ್ರೆ ನಮ್ಮ ಹೊಲ ಕಾಣ್ತದೆ’ ಎಂದು ನಕ್ಕರು. ಅಪ್ಪ ಮೆಲ್ಲಗೆ ‘ನಿಮಗೆ ನಾಲೆ ನೀರು ಬತ್ತದಾ ಯಜಮಾನ್ರೇ?’ ಎಂದರು. ‘ಇಲ್ಲ ಕಣಪ್ಪಾ, ನಾಲೆ ಕೆಳಗಿನೋರ್ಗೆ’ ಎಂಬ ಉತ್ತರ ಬಂದಿತು. ಆ ‘ಕೆಳಗಿನೋರು’ ನಾವೇ ಎಂದು ಅಪ್ಪ ಹೇಳಲಿಲ್ಲ. ಹೊರಡುವಾಗ ಚೀಲದಲ್ಲಿದ್ದ ಎಲೆಯಡಿಕೆಯನ್ನೆಲ್ಲ ಅವರ ಕೈಗಿತ್ತರು.

ನಾನಂತೂ ತಲೆತಗ್ಗಿಸಿ ಕುಳಿತಿದ್ದೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಕೃಷ್ಣರಾಜಸಾಗರದಿಂದಾದ ಪ್ರಯೋಜನಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ಐದು ಅಂಶಗಳನ್ನು ಬರೆದು ಪೂರ್ಣ ಅಂಕ ಪಡೆದಿದ್ದವಳು ನಾನು. ಆ ಉತ್ತರದಲ್ಲಿ ಕನ್ನಂಬಾಡಿ ಎಂಬುದು ಕಟ್ಟೆಯ ಹೆಸರಾಗಿ ಮಾತ್ರ ಬಂದಿತ್ತು. ಅದು ಒಂದು ಊರು ಎಂಬುದು ನನ್ನ ಬುದ್ಧಿಗೆ ಹೊಳೆದಿರಲೇ ಇಲ್ಲ.

ಹಿಂದಿರುಗುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್ತನ್ನೂ ರಂಗನಾಥನನ್ನೂ ನೋಡಿದುದುಂಟು. ಆದರೆ ಮೂವರೂ ದಣಿದಿದ್ದೆವು, ಮಾತೂ ಕಡಿಮೆಯಾಗಿತ್ತು. ಅದರ ವರ್ಣನೆಯನ್ನು ಮತ್ತೊಮ್ಮೆ ಬರೆಯುವೆನು.

ಆ ವರ್ಷ ಜುಲೈ ಕೊನೆಗೆ ಕಟ್ಟೆ ತುಂಬಿತು. ಕೆಲವು ದಿನಗಳಾದ ಮೇಲೆ ನಾನು ಕಾಲೇಜಿನಲ್ಲಿದ್ದಾಗ ಅಪ್ಪನ ಫೋನು ಬಂದಿತು. ಗದ್ದೆಯ ಬದುವಿನ ಮೇಲೆ ನಿಂತು ಮಾತನಾಡುತ್ತಿದ್ದರೆಂದು ತೋರುತ್ತದೆ. ನೀರಿನ ಸದ್ದು ಕೇಳಿಸುತ್ತಿತ್ತು.

‘ಮಗಾ, ಕನ್ನಂಬಾಡಿಯೋರ ನೀರು ಬಂತು ಕಣವ್ವ’ ಎಂದರು.